ನೆಲ ಮುಟ್ಟದ ಗಂಗೆ

ನಾಯಂಡಹಳ್ಳಿಯಲ್ಲಿ ಮದುವೆಯೆಂದರೆ ಗಂಡು ಹೆಣ್ಣು ಆಮೇಲೆ, ಮೊದಲು ನೀರು. ಚಪ್ಪರ ಹಾಕಿದ ದಿನ ಮನೆಯ ಸೊಸೆಯೊಬ್ಬಳು ಹೊಳೆಗೆ ಹೋಗಿ ತಾಮ್ರದ ಬಿಂದಿಗೆಯಲ್ಲಿ ಗಂಗೆ ತರಬೇಕು. ಆ ನೀರು ಹಾಲುಗಂಬದ ಬುಡಕ್ಕೆ ಬಿದ್ದ ಮೇಲೆಯೇ ಹೆಣ್ಣಿಗೆ ಅರಿಶಿಣ. ಅದಕ್ಕೂ ಕಟ್ಟಲೆಗಳಿದ್ದವು. ತರುವವಳು ಗಂಡನಿರುವ ಮುತ್ತೈದೆಯಾಗಿರಬೇಕು. ಹೊಳೆ ಬಿಟ್ಟ ಬಿಂದಿಗೆ ಮನೆ ಸೇರುವ ತನಕ ನೆಲ ಮುಟ್ಟಬಾರದು. ಹೊಸಲ ಮುಂದೆ ಮನೆಯ ಹಿರಿಯ ನಿಂತು, "ಯಾರ ಹೆಂಡ್ತಿ ತಂದಿದ್ದು ಗಂಗೆ?" ಎಂದು ಕೇಳಬೇಕು. ಅವಳು ಗಂಡನ ಹೆಸರು ಹೇಳಿ ಒಳಗೆ ಕಾಲಿಡಬೇಕು. ಗಂಡನ ಹೆಸರನ್ನು ಬಾಯಲ್ಲಿ ಆಡದ ಹೆಂಗಸರಿಗೆ ಆ ಗಳಿಗೆ ಸಂಕಟ, ಸುತ್ತ ನಿಂತವರಿಗೆ ತಮಾಷೆ.

ಮುನಿಲಕ್ಷ್ಮಮ್ಮನೂ ಒಂದು ಕಾಲಕ್ಕೆ ಗಂಗೆ ತಂದವಳೇ. ಆಗ ಅವಳಿನ್ನೂ ಹೊಸ ಸೊಸೆ, ನಾದಿನಿಯ ಮದುವೆ. ಹೊಳೆ ಅಂದರೆ ಮನೆಯ ಹಿಂದೆಯೇ ಹರಿಯುವ ವೃಷಭಾವತಿ, ತಳದ ಮರಳು ಕಾಣುವಷ್ಟು ತಿಳಿಯಾಗಿತ್ತು. ಬಿಂದಿಗೆ ಹೊತ್ತು ಬಂದು ಹೊಸಲ ಮುಂದೆ ನಿಂತರೆ ಬಾಯೇ ಬರಲೊಲ್ಲದು. ಮಾವ ಕೇಳಿದರು, ಇವಳು ಗೊಣಗಿದಳು. "ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಮ್ಮ" ಎಂದರು. ಮತ್ತೆ ಗೊಣಗಿದಳು. ಬೇಕೆಂದೇ ಮತ್ತೂ ಒಂದು ಸಲ ಕೇಳಿದರು. ಚಪ್ಪರದ ಬಾಳೆಕಂದಿನ ಹಿಂದೆ ಅಡಗಿ ನಿಂತಿದ್ದ ಅವಳ ಗಂಡ ನಗು ತಡೆಯಲಾರದೆ ಕೆಮ್ಮಿದ್ದು ಅವಳಿಗೆ ಇವತ್ತಿಗೂ ಕಿವಿಯಲ್ಲಿದೆ.

ಆ ಗಂಡ ಕಾಮಾಲೆಯಾಗಿ ಹೋಗಿಬಿಟ್ಟ. ಮಗಳು ಚಿಕ್ಕಗಂಗಮ್ಮ, ಮನೆಯಲ್ಲಿ ಗಂಗಿ, ಆಗಿನ್ನೂ ಲಂಗ ಉಡುವ ಹುಡುಗಿ. ಅವತ್ತಿನಿಂದ ಮುನಿಲಕ್ಷ್ಮಮ್ಮನನ್ನು ಯಾವ ಹೊಸಲಲ್ಲೂ ಯಾರೂ ನಿಲ್ಲಿಸಿ ಹೆಸರು ಕೇಳಲಿಲ್ಲ. ಗಂಡ ಸತ್ತವಳ ಬಾಯಲ್ಲಿ ಗಂಡನ ಹೆಸರು ಕೇಳುವವರು ಯಾರು? ರೇಷನ್ ಅಂಗಡಿಯವನೊಬ್ಬ ಕೇಳುತ್ತಿದ್ದ, ಅಲ್ಲೂ ಗಂಗಿ ಮುಂದೆ ಬಿದ್ದು "ಬೈರಪ್ಪ" ಅಂತ ಹೇಳಿಬಿಡುತ್ತಿದ್ದಳು. ಹೀಗೆ ಆ ಹೆಸರು ಮುನಿಲಕ್ಷ್ಮಮ್ಮನ ಗಂಟಲಲ್ಲೇ ಉಳಿದುಹೋಗಿತ್ತು.

ಈಗ ಗಂಗಿಗೆ ಮದುವೆ ಗೊತ್ತಾಗಿತ್ತು. ಗಂಡು ಕೆಂಗೇರಿಯವನು, ಕಾರ್ಖಾನೆಯಲ್ಲಿ ಫಿಟ್ಟರು, ಮಾತು ಕಮ್ಮಿ. ಮುನಿಲಕ್ಷ್ಮಮ್ಮನಿಗೆ ಇಷ್ಟವಾಗಿದ್ದೂ ಅದೇ. ಎಲ್ಲ ಸಲೀಸಾಗಿ ನಡೆಯುತ್ತಿದೆ ಅನ್ನುವಾಗ ಗಂಟು ಬಿದ್ದದ್ದು ನೀರಿನಲ್ಲಿ.

ವೃಷಭಾವತಿ ಈಗ ಹೊಳೆಯಾಗಿರಲಿಲ್ಲ. ರಾಜಾಜಿನಗರದಿಂದ ಹಿಡಿದು ಮೈಸೂರು ರಸ್ತೆಯವರೆಗೆ ಊರೆಲ್ಲ ತೊಳೆದು ಬಿಟ್ಟದ್ದನ್ನು ಹೊತ್ತುಕೊಂಡು, ಕಪ್ಪಗೆ, ಬಿಳೀ ನೊರೆ ಕಟ್ಟಿಕೊಂಡು ಹರಿಯುತ್ತಿತ್ತು. ಎಮ್ಮೆಯೂ ಮೂಸಿ ನೋಡಿ ಹಿಂದಕ್ಕೆ ಬರುತ್ತಿತ್ತು. ಹೋದ ವರ್ಷ ಬೈರಪ್ಪನ ಅಣ್ಣ ದೊಡ್ಡಹನುಮಯ್ಯನ ಮಗನ ಮದುವೆಯಲ್ಲಿ ವಿಧಿಯಿಲ್ಲದೆ ಬೀದಿ ನಲ್ಲಿಯ ನೀರನ್ನೇ ಗಂಗೆ ಅಂದುಕೊಂಡು ತಂದಿದ್ದರು. ಆ ಮದುವೆಯಲ್ಲಿ ಬಂದ ಸೊಸೆ ತಿಂಗಳೊಪ್ಪತ್ತಿನಲ್ಲೇ ತವರು ಸೇರಿ ಕೂತಳು. ಅವಳು ಹೋದದ್ದು ಅತ್ತೆ ಲಕ್ಷ್ಮಿದೇವಮ್ಮನ ಬಾಯಿಗೆ ಹೆದರಿ ಎಂದು ಊರಿಗೆಲ್ಲ ಗೊತ್ತು. ತಪ್ಪು ಬಿದ್ದದ್ದು ಮಾತ್ರ ನಲ್ಲಿಯ ಮೇಲೆ.

ದೊಡ್ಡಹನುಮಯ್ಯ ಮನೆಗೆ ಹಿರಿಯ. ಕೆಟ್ಟವನಲ್ಲ, ಆದರೆ ಕಟ್ಟಲೆ ಅಂದರೆ ಕಟ್ಟಲೆ. ಇನ್ನೊಂದು ಸಲ ನಲ್ಲಿ ನೀರಿಗೆ ಕೈಹಾಕುವುದಿಲ್ಲ, ಹೊಳೆಯಿಲ್ಲ ಅಂದಮೇಲೆ ಗಂಗೆಯಿಲ್ಲ, ಗಂಗೆಯಿಲ್ಲ ಅಂದಮೇಲೆ ಚಪ್ಪರವೂ ಬೇಡ ಎಂದು ತೀರ್ಮಾನ ಕೊಟ್ಟ. ಹುಡುಗಿಯನ್ನು ಯಾವುದಾದರೂ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ತಾಳಿ ಕಟ್ಟಿಸಿಕೊಂಡು ಬರೋಣ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಮುನಿಲಕ್ಷ್ಮಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ. ಕೊನೆಗೆ ಒಂದು ಮಾತು ಸೇರಿಸಿದ: "ತಂದೆಯಿಲ್ಲದ ಹೆಣ್ಣು, ಅಷ್ಟಾದ್ರೆ ಸಾಕು."

ಆ ಮಾತು ಅವಳ ಎದೆಗೆ ನಾಟಿತು. ತಂದೆಯಿಲ್ಲದ ಹೆಣ್ಣಂತೆ! ಬೈರಪ್ಪ ಬದುಕಿದ್ದರೆ ಬೀದಿಯ ಆ ತುದಿಯಿಂದ ಈ ತುದಿಗೆ ಚಪ್ಪರ ಹಾಕಿಸುತ್ತಿದ್ದ. ಅವನು ಇಲ್ಲದ್ದಕ್ಕೆ ಹುಡುಗಿ ಇಷ್ಟು ವರ್ಷ ಅನುಭವಿಸಿದ್ದು ಸಾಲದೆ, ಮದುವೆಯ ದಿನವೂ ಅದನ್ನೇ ಹಣೆಗೆ ಅಂಟಿಸಿಕೊಂಡು ಕೂರಬೇಕೇ? ನನ್ನ ಮಗಳ ಮದುವೆ ಮನೆ ಮುಂದೆ, ಚಪ್ಪರದ ಕೆಳಗೇ ಆಗಬೇಕು ಎಂದು ಆಗಲೇ ಹಟ ಹಿಡಿದಳು. ಅಡುಗೆ ಮನೆಯ ಬಾಗಿಲ ಮರೆಯಲ್ಲಿ ನಿಂತು, ಸೆರಗು ಎಳೆದುಕೊಂಡು, ಭಾವನ ಮುಂದೆ ಎಂದೂ ಆಡದಷ್ಟು ದೊಡ್ಡ ದನಿಯಲ್ಲಿ ಹೇಳಿದಳು.

"ಹೊಳೆ ಸತ್ತಿಲ್ಲ ಭಾವ. ಮುಂದಕ್ಕೆ ಹೋಗಿದೆ."

ಅವಳ ತವರು ಕನಕಪುರದ ಆಚೆ. ವೃಷಭಾವತಿ ಇಲ್ಲಿಂದ ಇಳಿದು ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಕಾಡಿನ ಬೆಟ್ಟಗಳ ನಡುವೆ ನುಗ್ಗಿ ಚುಂಚಿಯ ಹತ್ತಿರ ಕಮರಿಗೆ ಬೀಳುತ್ತದೆ. ಆ ಕಡೆಯ ಜನ ಅದಕ್ಕೆ ಜಲಪಾತ ಗಿಲಪಾತ ಅನ್ನುತ್ತಿರಲಿಲ್ಲ, ಹೊಳೆ ಬೀಳೋ ಜಾಗ ಅಂದರೆ ಮುಗಿಯಿತು. ಚಿಕ್ಕಂದಿನಲ್ಲಿ ಕುರಿ ಹೊಡೆದುಕೊಂಡು ಹೋಗಿ ಅವಳು ಅದರ ಬುಡದಲ್ಲೇ ಆಡಿದ್ದಳು. ಅದೂ ನಮ್ಮ ಹೊಳೆಯೇ, ಇಲ್ಲಿ ಕೊಳೆತರೇನು, ಅಲ್ಲಿ ಬಂಡೆಗೆ ಬಿದ್ದೆದ್ದು ಹಾಲಿನ ಹಾಗಾಗಿರುತ್ತದೆ, ಅಲ್ಲಿಂದಲೇ ತರೋಣ ಎಂದಳು.

ಪಕ್ಕದ ಮನೆಯ ಪಟಾಲಮ್ಮ, ಯಾರ ಮನೆಯ ಮಾತುಕತೆಯಲ್ಲೂ ಕರೆಯದೆ ಬಂದು ಕೂರುವ ಮುದುಕಿ, ನಮ್ಮೂರ ಕೊಳೆಯೆಲ್ಲ ಅದರಲ್ಲೇ ಸೇರಿರುತ್ತಲ್ಲ ಎಂದು ಮೂಗು ಮುರಿದಳು. ದೊಡ್ಡಹನುಮಯ್ಯ ಬೀಡಿ ಆರುವವರೆಗೆ ಯೋಚಿಸಿದ. ಹರಿಯೋ ನೀರಿಗೆ ಮೈಲಿಗೆ ಇಲ್ಲ, ಬಿಡು ಎಂದು ಮುದುಕಿಯ ಬಾಯಿ ಮುಚ್ಚಿಸಿದ. ಆಮೇಲೆ ತನ್ನ ಷರತ್ತು ಹೇಳಿದ. ಬಿಂದಿಗೆ ಹೊರುವವಳು ತನ್ನ ಹೆಂಡತಿ ಲಕ್ಷ್ಮಿದೇವಮ್ಮ, ಮುನಿಲಕ್ಷ್ಮಮ್ಮ ಬರೀ ದಾರಿ ತೋರಿಸಬೇಕು. ಚಪ್ಪರದ ದಿನ ದೀಪ ಹಚ್ಚುವ ಹೊತ್ತಿಗೆ ನೀರು ಬಾಗಿಲಲ್ಲಿರಬೇಕು. ಇಲ್ಲವಾದರೆ ಚಪ್ಪರ ಕಿತ್ತು, ಬೆಳಗ್ಗೆ ನೇರ ದೇವಸ್ಥಾನಕ್ಕೆ.

ಲಕ್ಷ್ಮಿದೇವಮ್ಮನ ವಿಷಯ ಒಂದು ಮಾತು ಹೇಳಬೇಕು. ದಪ್ಪ ಆಳು, ನಾಲಗೆ ಮಾತ್ರ ತೆಳ್ಳಗೆ, ಬ್ಲೇಡಿನ ಹಾಗೆ. ಓರಗಿತ್ತಿಯರಿಬ್ಬರೂ ಒಂದೇ ಬಾವಿ, ಒಂದೇ ಅಂಗಳ ಹಂಚಿಕೊಂಡು ಇಷ್ಟು ವರ್ಷ ಸಂಸಾರ ಮಾಡಿದವರು, ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಇಂಥವಳ ಜೊತೆ ಕಮರಿ ಇಳಿಯಬೇಕಲ್ಲಪ್ಪ ಎಂದು ಮುನಿಲಕ್ಷ್ಮಮ್ಮನಿಗೆ ಅಳುಕು. ಇಂಥವಳ ಹಟಕ್ಕೆ ನಾನೇಕೆ ಮಂಡಿ ಸವೆಸಬೇಕು ಎಂದು ಲಕ್ಷ್ಮಿದೇವಮ್ಮನಿಗೆ ಸಿಟ್ಟು. ಆದರೂ ಕಾರ್ತಿಕದ ಆ ದಿನ ಕೋಳಿ ಕೂಗುವ ಮುಂಚೆ ಇಬ್ಬರೂ ಎದ್ದು ಹೊರಟರು. ಲಕ್ಷ್ಮಿದೇವಮ್ಮ ಹಸಿರು ಸೀರೆ, ಹಸಿರು ಬಳೆ, ಹಣೆತುಂಬ ಕುಂಕುಮ, ಕೈಯಲ್ಲಿ ಖಾಲಿ ಬಿಂದಿಗೆ. ಮುನಿಲಕ್ಷ್ಮಮ್ಮ ಮಾಸಲು ಬಿಳಿ ಸೀರೆ, ಕಂಕುಳಲ್ಲಿ ಬುತ್ತಿ ಗಂಟು.

ಕನಕಪುರದವರೆಗೆ ಲಕ್ಷ್ಮಿದೇವಮ್ಮ ಬಾಯಿ ಬಿಡಲಿಲ್ಲ. ಅಲ್ಲಿಂದ ಸಂಗಮದ ಬಸ್ಸು ಹಿಡಿದು, ನಡುದಾರಿಯಲ್ಲಿ ಇಳಿದು, ಹುರುಳಿ ಹೊಲಗಳ ನಡುವೆ ಕಾಲುದಾರಿ ಹಿಡಿದಾಗ ಶುರುವಾಯಿತು ನೋಡಿ. ಬಿಸಿಲು ಹೆಚ್ಚಾಯಿತು, ಮುಳ್ಳು ಹೆಚ್ಚಾಯಿತು, ನಿನ್ನ ತವರಿನ ದಾರಿಗಿಂತ ಸ್ಮಶಾನದ ದಾರಿ ವಾಸಿ. ಮುನಿಲಕ್ಷ್ಮಮ್ಮನ ಕಿವಿ ಮಾತ್ರ ಮುಂದೆ ಇತ್ತು. ಇನ್ನೂ ಹೊಳೆ ಕಾಣುವ ಮೊದಲೇ ಅದರ ಸದ್ದು ನೆಲದೊಳಗಿಂದ ಅಂಗಾಲಿಗೆ ಬರುತ್ತದೆ, ಅದು ಅವಳಿಗೆ ಗೊತ್ತಿತ್ತು. ಬಂತು. ಅವಳಿಗೆ ತಿಳಿಯದೆಯೇ ಹೆಜ್ಜೆ ಜೋರಾಯಿತು.

ಬಂಡೆಗಳ ಮೇಲೆ ಬಂದು ನಿಂತಾಗ ಲಕ್ಷ್ಮಿದೇವಮ್ಮನ ಮಾತು ತಾನಾಗಿ ನಿಂತಿತು. ಎರಡೂ ಕಡೆ ಕುರುಚಲು ಕಾಡಿನ ಬೆಟ್ಟ. ನಡುವೆ ಹೊಳೆ ಅಗಲವಾಗಿ, ಸಾವಕಾಶವಾಗಿ ಬಂದು, ಬಂಡೆಗಳ ಸಂದಿಯಲ್ಲಿ ಸೀಳಿ, ಇದ್ದಕ್ಕಿದ್ದ ಹಾಗೆ ನೆಲವೇ ಮುಗಿದು ಕೆಳಗೆ ಬೀಳುತ್ತಿತ್ತು. ಒಂದು ಮೆಟ್ಟಿಲಿಗೆ ಬಿದ್ದು, ಅಲ್ಲಿ ಕುದಿದು, ತಿರುಗಿ, ಇನ್ನೂ ಆಳಕ್ಕೆ ಬೀಳುತ್ತಿತ್ತು. ಕಮರಿಯ ಗೋಡೆಯಲ್ಲಿ ಹೆಜ್ಜೇನು ಗೂಡು ಕಟ್ಟಿತ್ತು. ಕೆಳಗಿನಿಂದ ಹನಿಹನಿಯಾಗಿ ಎದ್ದ ನೀರು ಬಿಸಿಲಿಗೆ ಸಿಕ್ಕಿ, ಇವರ ಮುಖಕ್ಕೆ ತಣ್ಣಗೆ ತಾಗುತ್ತಿತ್ತು. ಮುನಿಲಕ್ಷ್ಮಮ್ಮ ಕೈಮುಗಿದಳು. ಬದುಕಿದ್ದಾಗ ಗಂಡನಿಗೆ ಇದನ್ನೊಮ್ಮೆ ತೋರಿಸಬೇಕಿತ್ತು ಅನ್ನಿಸಿ ಅಳು ಬಂತು, ನುಂಗಿಕೊಂಡಳು.

ಇಲ್ಲೇ ಮುಳುಗಿಸಿ ತುಂಬಿಕೊಂಡು ಹೋಗೋಣ ಎಂದು ಲಕ್ಷ್ಮಿದೇವಮ್ಮ ಬಂಡೆಯ ಮೇಲೆ ಕೂತೇಬಿಟ್ಟಳು. ಮುನಿಲಕ್ಷ್ಮಮ್ಮ ಬಗ್ಗಿ ನೋಡಿದಳು. ಬಂಡೆಯ ಮರೆಯಲ್ಲಿ ನೀರು ಸುತ್ತು ಹಾಕುವಲ್ಲಿ ಬಿಳೀ ನೊರೆಯ ಒಂದು ಮುದ್ದೆ ತೇಲುತ್ತಿತ್ತು. ಆ ನೊರೆಯನ್ನು ಅವಳು ದಿನಾ ಬೆಳಗ್ಗೆ ತನ್ನ ಹಿತ್ತಲಿನಿಂದ ನೋಡುತ್ತಿದ್ದಳು. ನಾಯಂಡಹಳ್ಳಿ ಇಲ್ಲಿಯವರೆಗೂ ಬೆನ್ನು ಬಿಟ್ಟಿರಲಿಲ್ಲ.

"ಇಲ್ಲಿ ಬೇಡ ಅಕ್ಕ. ಬಿದ್ದ ಮೇಲಿನ ನೀರು ತಗೊಳ್ಳೋಣ. ಕೆಳಗಿಳೀಬೇಕು."

ಲಕ್ಷ್ಮಿದೇವಮ್ಮ ಕಮರಿಯನ್ನೊಮ್ಮೆ, ಓರಗಿತ್ತಿಯನ್ನೊಮ್ಮೆ ನೋಡಿದಳು. ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ. ನಿನಗೇನು ತಲೆ ಕೆಟ್ಟಿದೆಯಾ, ನನ್ನ ಕೊಂದು ಹೋಗಬೇಕು ಅಂತ ಕರೆತಂದೆಯಾ ಎಂದು ಕೂಗಾಡಿದಳು. ಮುನಿಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಲೇ ಇಳಿಯತೊಡಗಿದ್ದಳು. ಕುರಿಗಳು ಇಳಿಯುತ್ತಿದ್ದ ಸಂದು ಇನ್ನೂ ಹಾಗೇ ಇತ್ತು, ಬೇರು ಹಿಡಿಯುವ ಕಡೆ ಬೇರೂ ಇತ್ತು. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ಕೂತಲ್ಲೇ ಬೈಯುತ್ತಾ, ಕೂತಲ್ಲೇ ಜಾರುತ್ತಾ, ಲಕ್ಷ್ಮಿದೇವಮ್ಮನೂ ಹಿಂದೆಯೇ ಇಳಿದಳು.

ಕೆಳಗೆ ಮಾತು ಕೇಳಿಸುವ ಹಾಗೇ ಇರಲಿಲ್ಲ. ನೀರು ಬೀಳುವ ರಭಸಕ್ಕೆ ಗಾಳಿಯೇ ಒದ್ದೆಯಾಗಿ ಸೀರೆಯನ್ನು ಮೈಗೆ ಅಂಟಿಸುತ್ತಿತ್ತು. ಮುನಿಲಕ್ಷ್ಮಮ್ಮ ಬೊಗಸೆಯಲ್ಲಿ ತೆಗೆದು ನೋಡಿದಳು. ನೊರೆಯಿಲ್ಲ, ವಾಸನೆಯಿಲ್ಲ, ಕೈಯ ಗೆರೆ ಕಾಣುವಂಥ ನೀರು. ಕುಡಿದಳು. ಲಕ್ಷ್ಮಿದೇವಮ್ಮ ಪೂಜೆ ಮಾಡಿ, ಬಿಂದಿಗೆ ಮುಳುಗಿಸಿ ತುಂಬಿ, ಬಾಯಿಗೆ ಅರಿಶಿಣದ ಬಟ್ಟೆ ಬಿಗಿದು, ಸಿಂಬಿ ಇಟ್ಟು ತಲೆಗೇರಿಸಿಕೊಂಡಳು. ಈಗ ಆ ಬಿಂದಿಗೆ ನೆಲ ಮುಟ್ಟುವಂತಿರಲಿಲ್ಲ.

ಅರ್ಧ ಹತ್ತಿದ್ದರು. ಪಾಚಿ ಕಟ್ಟಿದ ಒಂದು ಬಂಡೆಯ ಮೇಲೆ ಲಕ್ಷ್ಮಿದೇವಮ್ಮನ ಕಾಲು ಜಾರಿತು. ಅವಳು ದೊಪ್ಪನೆ ಕೂತಳು, ಪಾದ ಎರಡು ಕಲ್ಲಿನ ನಡುವೆ ಸಿಕ್ಕಿ ತಿರುಚಿತು. ಬೇರೆ ಯಾರಾದರೂ ಆಗಿದ್ದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಕಾಲು ಹಿಡಿದುಕೊಳ್ಳುತ್ತಿದ್ದರು. ಅವಳು ಮಾತ್ರ ಎರಡು ಕೈಯಲ್ಲೂ ಬಿಂದಿಗೆಯನ್ನು ತಲೆಯ ಮೇಲೆತ್ತಿ ಹಿಡಿದು, ನೋವಿಗೆ ಕಣ್ಣಲ್ಲಿ ನೀರು ಬಂದರೂ ಇಳಿಸಲಿಲ್ಲ. ಅವಳನ್ನು ಆ ಸ್ಥಿತಿಯಲ್ಲಿ ನೋಡಿ ಮುನಿಲಕ್ಷ್ಮಮ್ಮನಿಗೆ ಮೊದಲ ಸಲ ಅವಳ ಮೇಲೆ ಅಕ್ಕರೆ ಹುಟ್ಟಿತು.

ಆದರೆ ಕೈ ಮುಂದೆ ಬರಲಿಲ್ಲ. ಬಳೆ ಒಡೆದ ದಿನದಿಂದ ಮುನಿಲಕ್ಷ್ಮಮ್ಮ ಶುಭದ ಒಂದು ಲೋಟವನ್ನೂ ಮುಟ್ಟಿದವಳಲ್ಲ. ಯಾರೂ ಮುಟ್ಟಬೇಡ ಅಂದಿರಲಿಲ್ಲ, ಅವಳಾಗಿಯೇ ದೂರ ನಿಲ್ಲುವುದನ್ನು ಕಲಿತಿದ್ದಳು. ತಾನು ಮುಟ್ಟಿದರೆ ಗಂಗಿಗೆ ಏನಾದರೂ ಆದರೆ? ಮುಟ್ಟದಿದ್ದರೆ ಬಿಂದಿಗೆ ಬಂಡೆಗೆ ತಾಗುತ್ತದೆ. ಮತ್ತೆ ಇಳಿದು ತುಂಬೋಣವೆಂದರೆ ಹೊರುವ ಮುತ್ತೈದೆಯ ಕಾಲೇ ಹೋಯಿತು.

"ಏನೇ ನೋಡ್ತಾ ನಿಂತಿದೀಯ? ಕೈ ಸೋಲ್ತಾ ಇದೆ, ಹಿಡ್ಕೊಳೇ!" ಎಂದು ಲಕ್ಷ್ಮಿದೇವಮ್ಮ ಅರಚಿದಳು.

ಹಿಡಿದುಕೊಂಡಳು. ತಲೆಗೇರಿಸಿದಳು. ತುಂಬಿದ ತಾಮ್ರದ ಭಾರ ನೆತ್ತಿಯಿಂದ ಬೆನ್ನಿಗೆ ಇಳಿಯಿತು. ಒಂದು ಕೈ ಬಿಂದಿಗೆಗೆ, ಒಂದು ಕೈ ಓರಗಿತ್ತಿಗೆ ಕೊಟ್ಟು, ಪಾದ ಕಲ್ಲಿನಿಂದ ಬಿಡಿಸಿ, ಹೆಜ್ಜೆ ಹೆಜ್ಜೆಗೂ ನಿಂತು ನಿಂತು ಮೇಲೆ ಎಳೆದುಕೊಂಡಳು. ಬೇರು ಹಿಡಿಯಲು ಮೂರನೆಯ ಕೈಯಿಲ್ಲದೆ ಹಲ್ಲಲ್ಲಿ ಸೆರಗು ಕಚ್ಚಿಕೊಂಡು ಮೊಣಕಾಲೂರಿ ಹತ್ತಿದಳು. ಮೊಣಕಾಲು ಕಿತ್ತು ರಕ್ತ ಬಂತು. ಮೇಲೆ ಹತ್ತಿದ ತಕ್ಷಣ ಅಕ್ಕನಿಗೆ ಕೊಟ್ಟುಬಿಡಬೇಕು ಎಂದು ಹತ್ತುವಷ್ಟು ಹೊತ್ತೂ ಅಂದುಕೊಂಡಳು.

ಮೇಲೆ ಹತ್ತಿದ ಮೇಲೆ ಲಕ್ಷ್ಮಿದೇವಮ್ಮನಿಗೆ ನಿಲ್ಲುವುದಕ್ಕೇ ಆಗಲಿಲ್ಲ, ಪಾದ ಬೋಂಡಾದ ಹಾಗೆ ಊದಿತ್ತು. ಅವಳನ್ನು ಮರದ ಬುಡದಲ್ಲಿ ಕೂರಿಸಿ, ಬಿಂದಿಗೆ ತಲೆಯ ಮೇಲಿಟ್ಟುಕೊಂಡೇ ಮುನಿಲಕ್ಷ್ಮಮ್ಮ ಹೊಲಗಳ ಕಡೆ ಓಡಿ, ಹುರುಳಿ ಸೊಪ್ಪು ತುಂಬಿಕೊಂಡು ಹೊರಟಿದ್ದ ಒಂದು ಎತ್ತಿನ ಗಾಡಿಯನ್ನು ನಿಲ್ಲಿಸಿದಳು. ಗಾಡಿಯವನು ಬಿಂದಿಗೆಯನ್ನೂ ಬಿಳೀ ಸೀರೆಯನ್ನೂ ನೋಡಿ ಏನೋ ಕೇಳಲು ಹೋದವನು ಅವಳ ಮುಖ ನೋಡಿ ಸುಮ್ಮನಾದ. ರಸ್ತೆಯವರೆಗೆ ಗಾಡಿ ಕುಲುಕಿದಷ್ಟೂ ಅವಳು ಬಿಂದಿಗೆಯನ್ನು ಮಡಿಲಲ್ಲಿ ಹಸುಗೂಸಿನ ಹಾಗೆ ತಬ್ಬಿ ಹಿಡಿದಿದ್ದಳು.

ಕನಕಪುರದಲ್ಲಿ ಬೆಂಗಳೂರು ಬಸ್ಸು ಕಿಕ್ಕಿರಿದಿತ್ತು. ಯಾರೋ ಪುಣ್ಯಾತ್ಮರು ಊದಿದ ಕಾಲು ನೋಡಿ ಲಕ್ಷ್ಮಿದೇವಮ್ಮನಿಗೆ ಜಾಗ ಬಿಟ್ಟರು. ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಬಿಂದಿಗೆಯಿಟ್ಟು ಕಂಬಕ್ಕೆ ಒರಗಿ ನಿಂತಳು. ಕಂಡಕ್ಟರು ಬಂದು ಅದನ್ನು ಕೆಳಗಿಡಿ ಎಂದ. ಆಗಲ್ಲ ಎಂದಳು. ಹಾಗಾದರೆ ಲಗೇಜು ಟಿಕೆಟ್ ತಗೊಳ್ಳಿ ಎಂದ. ಇದು ಲಗೇಜಲ್ಲಪ್ಪ, ಗಂಗೆ ಎಂದಳು. ಗಂಗೆಗಾಗಲಿ ಗೌರಿಗಾಗಲಿ ಫ್ರೀ ಇಲ್ಲ ಎಂದು ಅವನು ಜೋಕು ಹೊಡೆದದ್ದೇ ತಡ, ಲಕ್ಷ್ಮಿದೇವಮ್ಮ ಕೂತಲ್ಲಿಂದಲೇ ಅವನ ಮೂರು ತಲೆಮಾರನ್ನು ಕರೆದು ವಿಚಾರಿಸಿಕೊಂಡಳು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು ಹಿಂದಿನ ಬಾಗಿಲಿಗೆ ಹೋದವನು ಮತ್ತೆ ಮುಂದೆ ಬರಲಿಲ್ಲ. ಆ ನಾಲಗೆ ತನ್ನ ಪರವಾಗಿ ಆಡಿದ್ದನ್ನು ಮುನಿಲಕ್ಷ್ಮಮ್ಮ ಈ ಜನ್ಮದಲ್ಲಿ ಕೇಳಿರಲಿಲ್ಲ.

ಹಾರೋಹಳ್ಳಿ ದಾಟಿದ ಮೇಲೆ ಲಕ್ಷ್ಮಿದೇವಮ್ಮ ಮಡಿಲು ತಟ್ಟಿ ತೋರಿಸಿದಳು, ತಾ ಇಲ್ಲಿ, ನಾನು ಇಟ್ಟುಕೊಳ್ಳುತ್ತೇನೆ ಅನ್ನುವ ಹಾಗೆ. ಕೊಡುವುದು ನ್ಯಾಯ. ಮಡಿಲು ಮುತ್ತೈದೆಯದು, ಬಿಂದಿಗೆಯೂ ಅವಳದೇ. ಮುನಿಲಕ್ಷ್ಮಮ್ಮನ ಸೊಂಟ ಬಿದ್ದುಹೋಗುತ್ತಿತ್ತು, ಮೊಣಕಾಲು ಉರಿಯುತ್ತಿತ್ತು. ಆದರೆ ಕೊಡಲು ಮನಸ್ಸು ಬರಲಿಲ್ಲ. ಇರಲಿ ಬಿಡಕ್ಕ ಎಂದುಬಿಟ್ಟಳು. ತನಗೆ ಇದು ಬೇಕು ಅನ್ನುವುದು ಅವಳಿಗೇ ಆಗ ಗೊತ್ತಾದದ್ದು. ಇಷ್ಟು ವರ್ಷ ಬೇಡ ಬೇಡ ಅಂತ ದೂರ ನಿಂತದ್ದೆಲ್ಲ ಸುಳ್ಳು, ಬೇಕಾಗಿತ್ತು. ತಪ್ಪು ಅನ್ನಿಸಿತು, ಸಂತೋಷವೂ ಆಯಿತು.

ಕಲಾಸಿಪಾಳ್ಯದಲ್ಲಿ ಇಳಿದು ಮೈಸೂರು ರಸ್ತೆಯ ಸಿಟಿ ಬಸ್ಸು ಹಿಡಿಯುವ ಹೊತ್ತಿಗೆ ಬಿಸಿಲು ಹಳದಿ ತಿರುಗಿತ್ತು. ಬ್ಯಾಟರಾಯನಪುರ ದಾಟಿದ್ದೇ ಕಿಟಕಿಯಿಂದ ವೃಷಭಾವತಿಯ ನಾತ ಒಳಗೆ ನುಗ್ಗಿತು. ಎಲ್ಲರೂ ಮೂಗಿಗೆ ಬಟ್ಟೆ ಹಿಡಿದರು. ಅವಳು ಹಿಡಿಯಲಿಲ್ಲ, ಎರಡು ಕೈಯೂ ಅದೇ ಹೊಳೆಯನ್ನು ಹಿಡಿದುಕೊಂಡಿದ್ದವು.

ಬೀದಿಯ ತಿರುವಿನಲ್ಲಿ, ಲಾರಿ ಟೈರು ರಾಶಿ ಹಾಕಿದ ವರ್ಕ್‌ಶಾಪಿನ ಪಕ್ಕದ ಹುಣಸೆಮರದ ಹತ್ತಿರ, ಮುನಿಲಕ್ಷ್ಮಮ್ಮ ನಿಂತಳು. ಅಲ್ಲಿಂದ ಚಪ್ಪರದ ಹಸಿರು ಕಾಣುತ್ತಿತ್ತು, ಓಲಗದ ಸದ್ದು ಕೇಳುತ್ತಿತ್ತು. ದೀಪ ಹಚ್ಚಿರಲಿಲ್ಲ. ಆ ಚಪ್ಪರ ನೋಡಿದ ಮೇಲೆ ಬಸ್ಸಿನಲ್ಲಿ ಬಂದಿದ್ದ ಸಂತೋಷವೆಲ್ಲ ಇಳಿದು ಭಯವೊಂದೇ ಉಳಿಯಿತು. ತನ್ನ ಆಸೆಗೆ ಮಗಳ ಮದುವೆ ಬಲಿಯಾಗಬಾರದು.

"ಅಕ್ಕ, ತಗೋ. ಇಲ್ಲಿಂದ ನಾಕು ಹೆಜ್ಜೆ. ಯಾರೂ ನೋಡಿಲ್ಲ."

ಲಕ್ಷ್ಮಿದೇವಮ್ಮ ಮರ ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದಳು. ಓರಗಿತ್ತಿಯ ಹರಿದ ಮೊಣಕಾಲನ್ನು, ಸೀರೆಗೆ ಅಂಟಿದ ರಕ್ತವನ್ನು ನೋಡಿದಳು.

"ಹೊತ್ತಿದ್ದು ನೀನು. ಹೆಸರು ನಮ್ಮ ಯಜಮಾನ್ರುದು ಹೇಳ್ಲಾ?"

"ಗಂಗಿ ಮದುವೆ ಕಣಕ್ಕ. ನನ್ನಿಂದ ನಿಂತುಹೋಗ್ಬಾರ್ದು."

"ಅದಕ್ಕೇ ಕಣೇ ಹೇಳ್ತಿರೋದು. ಗಂಗೆ ಕೈಲಿ ಹಿಡ್ಕೊಂಡು ಸುಳ್ಳು ಹೇಳಿ ಮದುವೆ ಶುರು ಮಾಡ್ತೀಯಾ? ನಡಿ."

ನಡೆದರು. ಮುಂದೆ ಬಿಳೀ ಸೀರೆಯ ತಲೆಯ ಮೇಲೆ ಅರಿಶಿಣದ ಬಟ್ಟೆ ಕಟ್ಟಿದ ಬಿಂದಿಗೆ, ಹಿಂದೆ ಹಸಿರು ಸೀರೆ ಕುಂಟುತ್ತಾ. ಚಪ್ಪರದ ಕೆಳಗೆ ಮೊದಲು ಓಲಗ ನಿಂತಿತು, ಆಮೇಲೆ ಮಾತು ನಿಂತಿತು. ಪಟಾಲಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ಶಿವಶಿವಾ ಅಂದಳು. ದೊಡ್ಡಹನುಮಯ್ಯ ಹೊಸಲ ಮೇಲೆ ಶಲ್ಯ ಹೊದ್ದು ನಿಂತಿದ್ದ. ಅವನ ಮುಖ ಕಪ್ಪಿಟ್ಟಿತು. ಇದೇನಿದು ಎಂದು ಹೆಂಡತಿಯನ್ನು ಕೇಳಿದ.

ಲಕ್ಷ್ಮಿದೇವಮ್ಮ ಉಸಿರು ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ನಡೆದದ್ದನ್ನು ಹೇಳಿದಳು. ತಾನು ಬಿದ್ದದ್ದು, ಬಿಂದಿಗೆ ಬೀಳದ್ದು, ಕಮರಿಯಿಂದ ಇಲ್ಲಿಯವರೆಗೆ ಅದು ಯಾರ ತಲೆಯ ಮೇಲೆ ಬಂತು ಎಂಬುದು, ಒಂದನ್ನೂ ಬಿಡಲಿಲ್ಲ. ಪಟಾಲಮ್ಮ ನಡುವೆ ಬಾಯಿ ಹಾಕಿ, ಆದದ್ದಾಯಿತು, ಈಗಲಾದರೂ ಮುತ್ತೈದೆ ಕೈಗೆ ಕೊಡಿಸಿ ಹೊಸಲು ದಾಟಿಸಿ ಎಂದು ಉಪಾಯ ಹೇಳಿದಳು. ನಾಲ್ಕಾರು ಹೆಂಗಸರು ಹೂಂ ಅಂದರು. ಲಕ್ಷ್ಮಿದೇವಮ್ಮ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು, ನಾನು ಮುಟ್ಟೋದಿಲ್ಲ ಎಂದಳು.

ದೊಡ್ಡಹನುಮಯ್ಯ ದಾರಿ ಬಿಡಲಿಲ್ಲ. ಅವನ ಹೆಗಲ ಮೇಲಿಂದ ಒಳಗೆ ಗಂಗಿಯ ಮುಖ ಕಂಡಿತು, ಹಸೆಮಣೆಯಿಂದ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣು ತುಂಬಿತ್ತು. ಮುನಿಲಕ್ಷ್ಮಮ್ಮ ದಾರಿಯುದ್ದಕ್ಕೂ ಭಾವನಿಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. ಆದರೆ ಮಗಳ ಮುಖ ನೋಡಿದ ಮೇಲೆ ಹಿಂದಕ್ಕೆ ತಿರುಗುವುದು ಅವಳಿಂದ ಆಗದ ಮಾತು. ಬಾಗಿಲ ಮರೆಯಿಲ್ಲದೆ, ಸೆರಗೆಳೆಯಲು ಕೈಯಿಲ್ಲದೆ, ಅವಳು ಭಾವನ ಮುಖವನ್ನು ನೇರವಾಗಿ ನೋಡಿದಳು.

"ಕೇಳಿ ಭಾವ. ಕೇಳ್ಬೇಕಾದ್ದು ಕೇಳಿ. ನಾನು ಹೇಳಿದ್ಮೇಲೂ ಬೇಡ ಅನ್ನಿಸಿದ್ರೆ, ನಾನೇ ಹೋಗಿ ಇದನ್ನ ಹೊಳೆಗೆ ಸುರಿದು ಬರ್ತೀನಿ."

ದೊಡ್ಡಹನುಮಯ್ಯ ನೋಡುತ್ತಿದ್ದದ್ದು ಬಿಂದಿಗೆಯನ್ನಲ್ಲ, ಅವಳ ಕಿತ್ತುಹೋದ ಮೊಣಕಾಲ ಹತ್ತಿರದ ಸೀರೆಯನ್ನು. ಶಲ್ಯ ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಂಡ. ಅಪ್ಪ ಹೋದ ಮೇಲೆ ಆ ಮಾತು ಕೇಳುವುದು ಅವನ ಪಾಲಿಗೆ ಬಂದಿತ್ತು.

"ಯಾರ ಹೆಂಡ್ತಿ ತಂದಿದ್ದು ಗಂಗೆ?"

ಹಿಂದೊಮ್ಮೆ ಇದೇ ಹೊಸಲಲ್ಲಿ ಅವಳು ನಾಚಿಕೆಗೆ ಗೊಣಗಿದ್ದಳು. ಇವತ್ತು ನಾಚಿಕೆ ಇರಲಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ತೆಗೆದು, ಹುಣಸೆಮರದವರೆಗೂ ಕೇಳುವ ಹಾಗೆ ಹೇಳಿದಳು.

"ಬೈರಪ್ಪ. ಬೈರಪ್ಪನ ಹೆಂಡ್ತಿ."

ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತ್ತು. ದೊಡ್ಡಹನುಮಯ್ಯನಿಗೂ ಕೇಳಿಸಿತ್ತು. ತಮ್ಮ ಸತ್ತ ದಿನವೂ ಅಳದ ಮನುಷ್ಯ ಶಲ್ಯದ ತುದಿಯಿಂದ ಮುಖ ಒರೆಸಿಕೊಂಡ.

"ಇನ್ನೊಂದ್ಸಲ ಹೇಳಮ್ಮ" ಎಂದ.

"ಬೈರಪ್ಪ" ಎಂದಳು ಮುನಿಲಕ್ಷ್ಮಮ್ಮ.

ಅವನು ಹೊಸಲಿನಿಂದ ಇಳಿದು ಪಕ್ಕಕ್ಕೆ ನಿಂತ. ಅವಳು ಬಲಗಾಲಿಟ್ಟು ಒಳಗೆ ಹೋದಳು.